ಹೊಳೆಗೆ ಇಳಿಯೋ ದಾರಿ ನಕ್ಷೆಯಲ್ಲಿದೆಯಾ? ಹೀಗೆ ನೋಡಿ

ಸಕಲೇಶಪುರ/ಆಲೂರು: ಮೂಡಿಗೆರೆ ತಾಲೂಕಿನಲ್ಲಿ ಹುಟ್ಟುವ ಹೇಮಾವತಿ ಸಕಲೇಶಪುರ ದಾಟಿ ಆಲೂರು ಕಡೆ ಗೊರೂರು ಜಲಾಶಯದ ಹಿನ್ನೀರಾಗುತ್ತದೆ. ದನಕ್ಕೆ ನೀರು, ಬಟ್ಟೆ ಒಗೆಯೋದು, ಗಾಳ, ತಿಥಿ ಕಾರ್ಯ ಎಲ್ಲಕ್ಕೂ ದಡಕ್ಕೆ ಇಳಿಯಲೇಬೇಕು. ಬೇಲಿ, ಗೇಟು ಬಿದ್ದ ಮೇಲೆ 'ಇಲ್ಲಿ ದಾರಿ ಇತ್ತು' ಅಂದರೆ ಸಾಲದು, ದಾಖಲೆ ಬೇಕು.

ಮೊದಲು ಗ್ರಾಮ ನಕ್ಷೆ ತೆಗೆಯಿರಿ. ಕಂದಾಯ ಇಲಾಖೆಯ ವೆಬ್‌ಸೈಟಿನಲ್ಲಿ ಸಿಗುತ್ತದೆ. ಕಾಲುದಾರಿಗೆ, ಬಂಡಿದಾರಿಗೆ ಬೇರೆ ಬೇರೆ ಗೆರೆ ಇರುತ್ತದೆ. ಆಮೇಲೆ ಮೊಬೈಲಿನಲ್ಲಿ ದಿಶಾಂಕ್ ಆಪ್ ಹಾಕ್ಕೊಂಡು ದಡದವರೆಗೆ ನಡೆದರೆ ಯಾವ ಸರ್ವೆ ನಂಬರಿನಲ್ಲಿದ್ದೀರಿ ಅಂತ ತೋರಿಸುತ್ತದೆ. ತೋಟದೊಳಗೆ ಸಿಗ್ನಲ್ ಕೈಕೊಡೋದು ಗೊತ್ತಿದ್ದದ್ದೇ. ಆಪ್‌ನ ಗಡಿಯೂ ಅಂದಾಜು ಅಷ್ಟೇ, ತಕರಾರು ಬಂದರೆ ಸರ್ವೆಯರ್ ಅಳತೆಯೇ ಆಗಬೇಕು.

ಪಹಣಿಯಲ್ಲಿ 'ಬಿ ಖರಾಬು' ಬಿಡದೆ ನೋಡಿ. ರಸ್ತೆ, ಕಾಲುದಾರಿ, ಹಳ್ಳ ಅಂತ ಸಾರ್ವಜನಿಕ ಬಳಕೆಗೆ ಬಿಟ್ಟ ಜಾಗ ಅದು. ಸುತ್ತಲಿನ ಜಮೀನು ಖಾಸಗಿಯಾದರೂ ಅಷ್ಟು ಗುಂಟೆ ಸಾಗುವಳಿಗಲ್ಲ. ಬೇರೆಯವರ ಹಕ್ಕು ಸಾಬೀತಾಗದಿದ್ದರೆ ಸಾರ್ವಜನಿಕ ರಸ್ತೆ, ನದಿ, ಹಳ್ಳ ಸರ್ಕಾರದ್ದು ಎನ್ನುತ್ತದೆ 1964ರ ಭೂಕಂದಾಯ ಕಾಯ್ದೆಯ 67ನೇ ಕಲಂ. ನಕ್ಷೆಯಲ್ಲಿಲ್ಲದ ರೂಢಿ ದಾರಿಯದ್ದೇ ಕಷ್ಟ. 1882ರ ಈಸ್‌ಮೆಂಟ್ ಕಾಯ್ದೆಯಂತೆ 20 ವರ್ಷ ಅಡ್ಡಿಯಿಲ್ಲದೆ, ಹಕ್ಕಿನಿಂದ ಓಡಾಡಿದ್ದನ್ನು ಕೋರ್ಟಿನಲ್ಲಿ ತೋರಿಸಬೇಕು. ಹಿರಿಯರು ಇರೋವಾಗಲೇ ಕೇಳಿ ಬರೆದಿಟ್ಟುಕೊಳ್ಳಿ.

ಹಿನ್ನೀರಿನ ಕಡೆ ದಡವೇ ಜಾಗ ಬದಲಿಸುತ್ತದೆ. ಜಲಾಶಯದ ಪೂರ್ಣ ಮಟ್ಟ 2922 ಅಡಿ. ಬೇಸಿಗೆಯಲ್ಲಿ ಕಂಡ ದಾರಿ ಡ್ಯಾಂ ತುಂಬಿದಾಗ ಮುಳುಗಿರುತ್ತದೆ, ಹಾಗಾಗಿ ಎರಡು ಸಲ ಹೋಗಿ ನೋಡಬೇಕು.

ಪಟ್ಟಿಯನ್ನು ಫೋಟೋ ಸಮೇತ ಗ್ರಾಮಸಭೆಗೆ ಕೊಟ್ಟು ನಡಾವಳಿಯಲ್ಲಿ ಬರೆಸಿ. ಒತ್ತುವರಿ ಕಂಡರೆ ತಹಶೀಲ್ದಾರ್‌ಗೆ ಅರ್ಜಿ ಹಾಕಿ, ಸ್ವೀಕೃತಿ ಪಡೆಯೋದು ಮರೆಯಬೇಡಿ.