ಸರ್ಕಾರದ ಪಾಲು, ಕಂಪನಿಯ ಫಸಲು

1987ರ ನವೆಂಬರ್ 14. ಆಗ ಧಾರವಾಡ ಜಿಲ್ಲೆಗೆ ಸೇರಿದ್ದ, ಈಗ ಹಾವೇರಿ ಜಿಲ್ಲೆಯಲ್ಲಿರುವ ಕುಸನೂರಿನಲ್ಲಿ ಸುಮಾರು ಎರಡು ಸಾವಿರ ಜನ ಸೇರಿದ್ದರು. ಅಹಿಂಸೆಯ ಪ್ರತಿಜ್ಞೆ ಮಾಡಿ, ವಾದ್ಯಗಳೊಡನೆ ಮೆರವಣಿಗೆಯಲ್ಲಿ ಹೊರಟ ಅವರು ಸುಮಾರು ನೂರು ನೀಲಗಿರಿ ಸಸಿಗಳನ್ನು ಕಿತ್ತರು. ಅದೇ ನೆಲದಲ್ಲಿ ಹಣ್ಣು, ಮೇವು ಕೊಡುವ ಗಿಡಗಳನ್ನು ನೆಟ್ಟರು. ಇದೇ 'ಕಿತ್ತಿಕೊ-ಹಚ್ಚಿಕೊ' ಸತ್ಯಾಗ್ರಹ.

ಗಿಡ ನೆಡುವುದು ಒಳ್ಳೆಯ ಕೆಲಸವೆಂದು ನಂಬಿದ ನಾಡಿನಲ್ಲಿ ಜನ ಗಿಡ ಕಿತ್ತದ್ದೇಕೆ? ಉತ್ತರ ಹುಡುಕಲು ಮೂರು ವರ್ಷ ಹಿಂದಕ್ಕೆ ಹೋಗಬೇಕು.

ತುಂಗಭದ್ರೆಯ ದಡದಲ್ಲಿರುವ ಹರಿಹರ ಪಾಲಿಫೈಬರ್ಸ್ ಬಿರ್ಲಾ ಸಮೂಹಕ್ಕೆ ಸೇರಿದ ಕಾರ್ಖಾನೆ. ರೇಯಾನ್ ನೂಲಿಗೆ ಬೇಕಾದ ತಿರುಳನ್ನು ಅದು ಮರದಿಂದ ತೆಗೆಯುತ್ತದೆ. ಎಂಬತ್ತರ ದಶಕದ ಹೊತ್ತಿಗೆ ಮರ ನಂಬಿದ ಕಾರ್ಖಾನೆಗಳಿಗೆಲ್ಲ ಕಚ್ಚಾವಸ್ತುವಿನ ಕೊರತೆ ತಟ್ಟಿತ್ತು. ಆಗ ನೆರವಿಗೆ ಬಂದದ್ದು ರಾಜ್ಯ ಸರ್ಕಾರ. 1984ರ ನವೆಂಬರ್‌ನಲ್ಲಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಜಂಟಿ ಕಂಪನಿ ಹುಟ್ಟಿತು. ಸರ್ಕಾರದ ಪಾಲು ಶೇ. 51, ಕಾರ್ಖಾನೆಯದು ಶೇ. 49.

ಒಪ್ಪಂದದ ಷರತ್ತುಗಳು ಕುತೂಹಲಕರ. ನಾಲ್ಕು ಜಿಲ್ಲೆಗಳ 30 ಸಾವಿರ ಹೆಕ್ಟೇರ್ ಭೂಮಿ 40 ವರ್ಷಗಳ ಗುತ್ತಿಗೆಗೆ. ಬಾಡಿಗೆ ಎಕರೆಗೆ ವರ್ಷಕ್ಕೆ ಒಂದು ರೂಪಾಯಿ. ಲೆಕ್ಕ ಹಾಕಿದರೆ ಇಡೀ ಭೂಮಿಗೆ ವರ್ಷಕ್ಕೆ 75 ಸಾವಿರ ರೂಪಾಯಿಯೂ ಆಗದು. ಬೆಳೆದ ಮರದಲ್ಲಿ ಶೇ. 87.5 ಭಾಗ ಕಾರ್ಖಾನೆಗೆ. ಉಳಿದದ್ದನ್ನೂ ಕೊಳ್ಳುವ ಅವಕಾಶ ಅದಕ್ಕೇ. ಬಂಡವಾಳಕ್ಕೆ ನಬಾರ್ಡ್ ಮತ್ತು ರಾಷ್ಟ್ರೀಕೃತ ಬ್ಯಾಂಕುಗಳ ಸಾಲ, ಆ ಸಾಲಕ್ಕೆ ಸರ್ಕಾರದ್ದೇ ಖಾತರಿ.

ಸರ್ಕಾರದ ಕಡತದಲ್ಲಿ ಅದು ಬರಡು ನೆಲ. ಸುತ್ತಲಿನ ಹಳ್ಳಿಯವರಿಗೆ ಅದು ದನ ಮೇಯುವ, ಸೌದೆ ಆಯುವ ಜಾಗ. ದನ ಮೂಸದ ನೀಲಗಿರಿಯನ್ನು ಅಲ್ಲಿ ತುಂಬಿದರೆ ಹಸಿರೇನೋ ಹೆಚ್ಚೀತು, ಹಸುವಿಗೆ ಮೇವು ಸಿಗದು. ಹಸಿರಿನ ಹೆಸರಿನಲ್ಲಿ ಬಂದ ಹಣ ಹಳ್ಳಿಗೆ ನಷ್ಟದ ಬಾಬತ್ತಾದದ್ದು ಹೀಗೆ.

ಸಮಾಜ ಪರಿವರ್ತನ ಸಮುದಾಯ ಇದನ್ನು ಸುಪ್ರೀಂ ಕೋರ್ಟಿಗೆ ಒಯ್ದಿತು. ಶಿವರಾಮ ಕಾರಂತರೂ ಅರ್ಜಿದಾರರಲ್ಲಿ ಒಬ್ಬರು. ಇನ್ನಷ್ಟು ಭೂಮಿಯನ್ನು ಕಂಪನಿಗೆ ವಹಿಸದಂತೆ 1987ರ ಮಾರ್ಚ್‌ನಲ್ಲಿ ತಡೆಯಾಜ್ಞೆ ಬಂತು. ನವೆಂಬರ್‌ನಲ್ಲಿ ಕುಸನೂರು ಎದ್ದಿತು. 1988-89ರಿಂದ ಕಂಪನಿಯ ನೆಡುತೋಪು ಕೆಲಸವೇ ನಿಂತಿತು. 30 ಸಾವಿರ ಹೆಕ್ಟೇರ್ ಗುರಿಯಲ್ಲಿ ಅದು ನೆಟ್ಟದ್ದು ಕೇವಲ 3,590 ಹೆಕ್ಟೇರ್. ಎಂಟರಲ್ಲಿ ಒಂದು ಪಾಲೂ ಅಲ್ಲ. 1991ರ ಅಕ್ಟೋಬರ್‌ನಲ್ಲಿ ಕಂಪನಿಯನ್ನು ಮುಚ್ಚಲಾಯಿತು.

ಅಗ್ಗದ ಭೂಮಿ, ಸುಲಭ ಸಾಲ, ಖಚಿತ ಗಿರಾಕಿ, ಪಾಲುದಾರನಾಗಿ ಸರ್ಕಾರ. ಕಾಗದದ ಮೇಲೆ ಇದಕ್ಕಿಂತ ಭದ್ರವಾದ ಉದ್ದಿಮೆ ಇಲ್ಲ. ಆದರೆ ಆ ಭದ್ರತೆಯೇ ಮುಳುವಾಯಿತು. ನಷ್ಟದ ಹೊರೆ ಹೊರಲು ಸರ್ಕಾರ ಇದ್ದುದರಿಂದ ಊರಿನವರನ್ನು ಕೇಳಬೇಕೆಂಬ ಅಗತ್ಯ ಯಾರಿಗೂ ಕಾಣಲಿಲ್ಲ. ಊರ ಗೋಮಾಳದ ಕಾವಲಿಗೆ ನಿಲ್ಲಬೇಕಾದ ಸರ್ಕಾರವೇ ಕಂಪನಿಯ ಒಡೆಯನಾದಾಗ, ಬೇಲಿಯೇ ಎದ್ದು ಹೊಲ ಮೇಯಿತೆಂದು ಜನ ಭಾವಿಸಿದರೆ ತಪ್ಪೇನು? ರಾಜಕೀಯದ ನಂಟು ಕಂಪನಿಗೆ ಭೂಮಿಯನ್ನು ಕೊಡಿಸಬಲ್ಲದು. ಅದರ ಮೇಲೆ ನೆಟ್ಟ ಸಸಿಯನ್ನು ಉಳಿಸಿಕೊಡಲಾರದು.

2023ರ ಜನವರಿಯಲ್ಲಿ ಭಾರತ ಸರ್ಕಾರ ಮೊದಲ ಬಾರಿಗೆ ಹಸಿರು ಬಾಂಡ್‌ಗಳನ್ನು ಹೊರಡಿಸಿತು. ಪರಿಸರದ ಹೆಸರಿನಲ್ಲಿ ಇನ್ನಷ್ಟು ಹಣ ಹಳ್ಳಿಗಳತ್ತ ಹರಿಯಲಿದೆ. ಸಾಲಕ್ಕೆ ಯಾರ ಖಾತರಿ ಎಂದು ಬ್ಯಾಂಕುಗಳು ಎಂದಿನಂತೆ ಕೇಳುತ್ತವೆ. ನೆಲ ಯಾರ ಬದುಕಿನದು ಎಂಬುದನ್ನೂ ಮೊದಲೇ ಕೇಳಿಕೊಂಡರೆ, ನೆಟ್ಟದ್ದನ್ನು ಕೀಳುವ ದಿನ ಮತ್ತೆ ಬಾರದು.