ವ್ಯಾಯಾಮದ ನಂತರ ಸ್ನಾಯುಗಳಿಗೆ ಪ್ರೋಟೀನ್: ಹಾಲಿನದೋ, ಬೇಳೆಕಾಳಿನದೋ?

ವ್ಯಾಯಾಮ ಮಾಡಿದಾಗ ಸ್ನಾಯುವಿನ ಎಳೆಗಳಿಗೆ ಸಣ್ಣಪುಟ್ಟ ಹಾನಿಯಾಗುತ್ತದೆ. ಅದನ್ನು ಸರಿಪಡಿಸಲು ಬೇಕಾದ ಅಮೈನೋ ಆಮ್ಲಗಳು ಪ್ರೋಟೀನ್‌ನಿಂದ ಸಿಗುತ್ತವೆ. ಈ ದುರಸ್ತಿ ಒಂದು ದಿನಕ್ಕೂ ಹೆಚ್ಚು ಕಾಲ ನಡೆಯುತ್ತದೆ. ಹಾಗಾಗಿ ಜಿಮ್‌ನಿಂದ ಬಂದ ಕೂಡಲೇ ಪೌಡರ್ ಕುಡಿಯಲೇಬೇಕೆಂದಿಲ್ಲ. ದಿನದ ಒಟ್ಟು ಪ್ರಮಾಣವೇ ಮುಖ್ಯ.

ಎಷ್ಟು ಬೇಕು?

ಐಸಿಎಂಆರ್-ಎನ್‌ಐಎನ್‌ನ 2020ರ ಶಿಫಾರಸಿನಂತೆ ಆರೋಗ್ಯವಂತ ವಯಸ್ಕರಿಗೆ ಪ್ರತಿ ಕೆ.ಜಿ. ತೂಕಕ್ಕೆ ದಿನಕ್ಕೆ 0.83 ಗ್ರಾಂ, ಅಂದರೆ 60 ಕೆ.ಜಿ. ತೂಕದವರಿಗೆ ಸುಮಾರು 50 ಗ್ರಾಂ. ನಿಯಮಿತವಾಗಿ ಭಾರ ಎತ್ತುವ ವ್ಯಾಯಾಮ ಮಾಡುವವರಿಗೆ ಸಾಮಾನ್ಯವಾಗಿ ಕೆ.ಜಿ.ಗೆ 1.2ರಿಂದ 1.6 ಗ್ರಾಂ ಸೂಚಿಸಲಾಗುತ್ತದೆ. ಇದನ್ನು ಒಂದೇ ಹೊತ್ತಿಗೆ ತಿನ್ನದೆ ಮೂರು-ನಾಲ್ಕು ಹೊತ್ತಿಗೆ ಹಂಚಿಕೊಳ್ಳಿ.

ವ್ಯತ್ಯಾಸವೇನು?

ಹಾಲಿನ ಪ್ರೋಟೀನ್‌ನಲ್ಲಿ ಸುಮಾರು ಶೇ. 80 ಕೇಸಿನ್, ಶೇ. 20 ವೇ. ವೇ ಬೇಗ ಜೀರ್ಣವಾಗುತ್ತದೆ, ಕೇಸಿನ್ ನಿಧಾನ. ಸ್ನಾಯು ಕಟ್ಟುವ ಕೆಲಸಕ್ಕೆ ಚಾಲನೆ ಕೊಡುವ ಲ್ಯೂಸಿನ್ ವೇಯಲ್ಲಿ ಹೆಚ್ಚು. ಧಾನ್ಯಗಳಲ್ಲಿ ಲೈಸಿನ್ ಕಡಿಮೆ, ಬೇಳೆಗಳಲ್ಲಿ ಮೆಥಿಯೊನಿನ್ ಕಡಿಮೆ. ಅನ್ನ-ಹುಳಿ, ರೊಟ್ಟಿ-ಕಾಳುಪಲ್ಯ, ಇಡ್ಲಿ ಇವುಗಳಲ್ಲಿ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಆದರೆ ತಿಳಿಸಾರಿನಲ್ಲಿ ಬೇಳೆಯೇ ಕಡಿಮೆ. ಗಟ್ಟಿ ಬೇಳೆಯನ್ನೇ ಬಡಿಸಿಕೊಳ್ಳಿ. ದಿನದ ಪ್ರಮಾಣ ಸಾಕಷ್ಟಿದ್ದರೆ ಸಸ್ಯಾಹಾರದಿಂದಲೂ ಸ್ನಾಯು ಬೆಳೆಯುತ್ತದೆ.

ಅಡುಗೆಮನೆಯ ಲೆಕ್ಕ (ಅಂದಾಜು ಪ್ರೋಟೀನ್)

• ಹಾಲು, 200 ಮಿ.ಲೀ.: 6–7 ಗ್ರಾಂ
• ಪನೀರ್, 50 ಗ್ರಾಂ: 9 ಗ್ರಾಂ
• ಒಣ ಸೋಯಾ ಚಂಕ್ಸ್, 30 ಗ್ರಾಂ: 15 ಗ್ರಾಂ
• ಬೇಯಿಸುವ ಮುನ್ನ ತೂಗಿದ ಬೇಳೆ, 30 ಗ್ರಾಂ: 7 ಗ್ರಾಂ
• ಶೇಂಗಾ, 30 ಗ್ರಾಂ: 7 ಗ್ರಾಂ

ಯಾರು ಎಚ್ಚರ ವಹಿಸಬೇಕು?

• ಮೂತ್ರಪಿಂಡದ ಕಾಯಿಲೆ ಇರುವವರು: ವೈದ್ಯರನ್ನು ಕೇಳದೆ ಪ್ರೋಟೀನ್ ಹೆಚ್ಚಿಸಬೇಡಿ.
• ಥೈರಾಯ್ಡ್ ಮಾತ್ರೆ (ಲೆವೊಥೈರಾಕ್ಸಿನ್) ನುಂಗುವವರು: ಹಾಲು, ಸೋಯಾ ಜೊತೆಗೆ ಬೇಡ, ಮಾತ್ರೆ ಸರಿಯಾಗಿ ಹೀರಿಕೆಯಾಗುವುದಿಲ್ಲ.
• ಸಿಪ್ರೊಫ್ಲಾಕ್ಸಾಸಿನ್, ಡಾಕ್ಸಿಸೈಕ್ಲಿನ್ ನುಂಗುವವರು: ಹಾಲಿನೊಂದಿಗೆ ಬೇಡ.
• ಪಾರ್ಕಿನ್ಸನ್ ಕಾಯಿಲೆಗೆ ಲೆವೊಡೋಪಾ ತೆಗೆದುಕೊಳ್ಳುವವರು: ಹೆಚ್ಚು ಪ್ರೋಟೀನ್ ಇರುವ ಊಟ ಔಷಧದ ಪರಿಣಾಮವನ್ನು ತಗ್ಗಿಸಬಹುದು. ಯಾವ ಹೊತ್ತಿಗೆ ಏನು ತಿನ್ನಬೇಕೆಂದು ವೈದ್ಯರನ್ನು ಕೇಳಿ.
• ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವವರು: ಮೊಸರು ಪ್ರಯತ್ನಿಸಿ. ಹಾಲಿನ ಅಲರ್ಜಿ ಇದ್ದರೆ ಮೊಸರು, ಪನೀರ್, ವೇ ಯಾವುದೂ ಬೇಡ.

ವಯಸ್ಸಾದವರು ಅಥವಾ ಶಸ್ತ್ರಚಿಕಿತ್ಸೆಯಾದವರು ಸಾಕಷ್ಟು ಊಟ ಮಾಡಲಾಗದಿದ್ದಾಗ ಪೌಡರ್ ಉಪಯೋಗಕ್ಕೆ ಬರಬಹುದು. ಆದರೆ ಡಬ್ಬಿ ಕೊಳ್ಳುವ ಮುನ್ನ, ಮನೆಯವರು ನುಂಗುವ ಮಾತ್ರೆಗಳ ಪಟ್ಟಿಯನ್ನು ವೈದ್ಯರಿಗೆ ಅಥವಾ ಫಾರ್ಮಸಿಸ್ಟ್‌ಗೆ ಒಮ್ಮೆ ತೋರಿಸಿ.