ಎಚ್ ಅಕ್ಷರದ ಊರು ಯಾವುದು? 1985ರ ಒಂದು ರೂಪಾಯಿಯ ಟಂಕಸಾಲೆ ಗುರುತನ್ನು ಕುರಿತು

1985ರ ಒಂದು ರೂಪಾಯಿ ನಾಣ್ಯಗಳಲ್ಲಿ ಕೆಲವಕ್ಕೆ ಇಸವಿಯ ಅಡಿಯಲ್ಲಿ ಎಚ್ ಎಂಬ ರೋಮನ್ ಅಕ್ಷರವಿದೆ. ಅದು ಹೈದರಾಬಾದ್ ಟಂಕಸಾಲೆಯ ಗುರುತು, ಅಂಥ ನಾಣ್ಯ ಅಪೂರ್ವ ಎಂಬ ಮಾತು ನಮ್ಮ ಸಂಗ್ರಾಹಕರ ನಡುವೆ ಎಷ್ಟೋ ವರ್ಷಗಳಿಂದ ಓಡಾಡುತ್ತಿದೆ. ಅದನ್ನು ನಾನು ಮೊದಲು ಕೇಳಿದ್ದು ನನಗೆ ನಾಣ್ಯ ಓದಲು ಕಲಿಸಿದ ಹಿರಿಯರ ಬಾಯಿಂದ. ಗದ್ಯಾಣ, ಹಾಗ, ಬೇಳೆಗಳ ವಿಚಾರದಲ್ಲಿ ಅವರ ಮಾತನ್ನು ಇಂದಿಗೂ ನಾನು ತಲೆಬಾಗಿ ಒಪ್ಪುತ್ತೇನೆ. ಈ ಒಂದು ವಿಷಯದಲ್ಲಿ ಮಾತ್ರ ಅವರು ಹೇಳಿದ ಎರಡೂ ಮಾತು ತಪ್ಪು. ಎಚ್ ಹೈದರಾಬಾದ್ ಅಲ್ಲ. ಆ ನಾಣ್ಯ ಅಪೂರ್ವವೂ ಅಲ್ಲ.

ಇಷ್ಟು ಸಣ್ಣ ಅಕ್ಷರಕ್ಕೆ ಇಷ್ಟುದ್ದ ಲೇಖನವೇ ಎಂದು ಕೇಳುವವರಿದ್ದಾರೆ. ನವಿ ಮುಂಬಯಿಯ ತುರ್ಭೆಯಲ್ಲಿ ನನ್ನ ಕೈಸೇರಿದ ಮೂರು ನಾಣ್ಯಗಳು ಇದನ್ನು ಬರೆಸುತ್ತಿವೆ. ಎಂಬತ್ತರ ದಶಕದಿಂದ ಮುಂಬಯಿಯ ಸಗಟು ಪೇಟೆಗಳು ಒಂದೊಂದಾಗಿ ಊರ ದಕ್ಷಿಣ ತುದಿಯಿಂದ ಇಲ್ಲಿಗೆ ಎದ್ದು ಬಂದವು. ಈರುಳ್ಳಿ, ಬಟಾಟೆ, ಹಣ್ಣು, ಮಸಾಲೆಯ ಈ ಪೇಟೆಗಳಲ್ಲಿ ಚೀಲ ಹೊರುವ ಮಾಥಾಡಿಗಳಲ್ಲೂ ಸುತ್ತಲಿನ ಕಟ್ಟಡ ಕೆಲಸದವರಲ್ಲೂ ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯವರು ಕಾಣಸಿಗುತ್ತಾರೆ. ಚಿಲ್ಲರೆ ಇಲ್ಲಿ ನೀರಿನ ಹಾಗೆ ಹರಿಯುತ್ತದೆ. ಹಳೆಯ ಕ್ಯುಪ್ರೋನಿಕಲ್ ರೂಪಾಯಿಗಳು ಬ್ಯಾಂಕಿಗೆ ಹೋದರೆ ತಿರುಗಿ ಬರುವುದಿಲ್ಲ, ಆದರೂ ಚಹಾದಂಗಡಿಯ ಡಬ್ಬಿಯ ತಳದಲ್ಲಿ ಅಪರೂಪಕ್ಕೆ ಒಂದೊಂದು ಉಳಿದಿರುತ್ತದೆ. ನನಗೆ ಮೂರನ್ನೂ ಕೊಟ್ಟವನು ಅಂಥದೊಂದು ಅಂಗಡಿಯವನು, ಕಲಬುರಗಿ ಕಡೆಯವನು. ಮೂರನೆಯದನ್ನು ಕೊಡುವಾಗ ಅವನು, "ಸರ್ರ, ಇದು ನಮ್ಮ ನಿಜಾಮನ ಊರಿಂದು ಅದ ನೋಡ್ರಿ, ರೇಟ್ ಭಾಳ ಅದ" ಎಂದ. ಹಿರಿಯರ ತಪ್ಪು ಓದು ಎಲ್ಲಿಯವರೆಗೆ ನಡೆದುಬಂದಿದೆ ಎಂಬುದು ನನಗೆ ತಿಳಿದದ್ದು ಆಗ. ಆ ಮೂರನೆಯ ನಾಣ್ಯಕ್ಕೆ ಕೊನೆಯಲ್ಲಿ ಬರುತ್ತೇನೆ.

ತಪ್ಪಿಗೂ ಒಂದು ವಂಶಾವಳಿ ಇರುತ್ತದೆ. ನಮ್ಮ ಹಿರಿಯರು ಶಾಸನಗಳಲ್ಲಿ ಪಳಗಿದವರು. ಶಾಸನಗಳಲ್ಲಿ ಬರುವ 'ಲೊಕ್ಕಿ ಗದ್ಯಾಣ' ಎಂದರೆ ಲೊಕ್ಕಿಗುಂಡಿಯ, ಅಂದರೆ ಇಂದಿನ ಲಕ್ಕುಂಡಿಯ, ಕಮ್ಮಟದಲ್ಲಿ ಅಚ್ಚಾದ ಹೊನ್ನು. ಎ.ವಿ. ನರಸಿಂಹಮೂರ್ತಿಯವರು 1975ರಲ್ಲಿ ಕರ್ನಾಟಕದ ನಾಣ್ಯಗಳ ಮೇಲೆ ಗ್ರಂಥ ತಂದ ಮೇಲೆ ಈ ಬಗೆಯ ಓದು ನಮ್ಮಲ್ಲಿ ಬೇರೂರಿತು. ನಾಣ್ಯದ ಹೆಸರಿನ ಮೊದಲ ತುಣುಕು ಊರಿನ ಹೆಸರನ್ನು ಹೇಳುತ್ತದೆ ಎಂಬ ಸಂಸ್ಕಾರದಲ್ಲಿ ಬೆಳೆದವರಿಗೆ ಎಚ್ ಕಂಡೊಡನೆ ಹೈದರಾಬಾದ್ ಹೊಳೆದದ್ದು ಸಹಜ. ಹನ್ನೆರಡನೆಯ ಶತಮಾನದ ಕೀಲಿ ಇಪ್ಪತ್ತನೆಯ ಶತಮಾನದ ಬೀಗಕ್ಕೆ ಹೊಂದಲಿಲ್ಲ, ಅಷ್ಟೆ.

ಕಲ್ಯಾಣ ಕರ್ನಾಟಕದವರ ಅಭಿಮಾನವೂ ಇದಕ್ಕೆ ಸೇರಿಕೊಂಡಿತು. ಕಲಬುರಗಿ, ರಾಯಚೂರು, ಬೀದರದ ಮನೆಗಳಲ್ಲಿ ನಿಜಾಮರ ನಾಣ್ಯವಾದ ಹಾಲಿ ಸಿಕ್ಕಾದ ನೆನಪು ಇನ್ನೂ ಅಳಿದಿಲ್ಲ. ಸುಮಾರು ಏಳು ಹಾಲಿ ರೂಪಾಯಿಗೆ ಆರು ಬ್ರಿಟಿಷ್ ರೂಪಾಯಿ ಎಂಬ ಲೆಕ್ಕವನ್ನು ಬಾಯಲ್ಲೇ ಹಾಕುತ್ತಿದ್ದ ಅಜ್ಜಂದಿರು ಆ ಮನೆಗಳಲ್ಲಿದ್ದರು. ಚಾರ್‌ಮಿನಾರ್ ಮುದ್ರೆಯ ಆ ರೂಪಾಯಿಯನ್ನು ಕೈಯಲ್ಲಿ ಹಿಡಿದು ನೋಡಿದವರಿಗೆ ಗೊತ್ತು, ಮಿನಾರಿನ ಬಾಗಿಲೊಳಗೆ ಒಂದು ಅರಬಿ ಅಕ್ಷರವಿದೆ. ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ನಾಣ್ಯದಲ್ಲಿ ಅದು ಮೀಮ್, ಏಳನೆಯ ನಿಜಾಮ ಉಸ್ಮಾನ್ ಅಲಿ ಖಾನರದರಲ್ಲಿ ಐನ್. 'ನಾಣ್ಯದಲ್ಲಿ ಒಂಟಿ ಅಕ್ಷರ ಕೆತ್ತುವುದು ಹೈದರಾಬಾದಿನ ಪದ್ಧತಿ' ಎಂದು ಎಚ್ ಪಕ್ಷದವರು ಇದನ್ನೇ ಮುಂದಿಡುತ್ತಾರೆ. ಸಾಕ್ಷಿ ಅವರದೇ, ಆದರೆ ಅದು ನುಡಿಯುವುದು ಅವರ ವಿರುದ್ಧ. ಮೀಮ್ ಮತ್ತು ಐನ್ ದೊರೆಯ ಹೆಸರಿನ ಮೊದಲಕ್ಷರಗಳು. ಟಂಕಸಾಲೆ ಇದ್ದದ್ದು ಎರಡೂ ಕಾಲದಲ್ಲಿ ಅದೇ ಹೈದರಾಬಾದಿನಲ್ಲೇ. ಊರು ಬದಲಾಗದೆ ಅಕ್ಷರ ಬದಲಾಯಿತು. ಹಾಗಾದರೆ ಒಂಟಿ ಅಕ್ಷರ ಊರನ್ನೇ ಹೇಳಬೇಕೆಂಬ ನಿಯಮ ಖುದ್ದು ಹೈದರಾಬಾದಿನಲ್ಲೇ ಇರಲಿಲ್ಲ.

ಇನ್ನು ಗಣರಾಜ್ಯದ ಪದ್ಧತಿಯನ್ನು ನೋಡೋಣ. ಮುಂಬಯಿಯದು ವಜ್ರಾಕೃತಿ, ಪೇಟೆಯ ಭಾಷೆಯಲ್ಲಿ ಡೈಮಂಡ್. ಕೋಲ್ಕತ್ತದ ನಾಣ್ಯಕ್ಕೆ ಗುರುತೇ ಇಲ್ಲ. 1988ರಲ್ಲಿ ಶುರುವಾದ ನೋಯ್ಡಾದ್ದು ಚುಕ್ಕೆ. 1950ರಲ್ಲಿ ಭಾರತ ಸರ್ಕಾರ ವಹಿಸಿಕೊಂಡ ಹೈದರಾಬಾದ್ ಟಂಕಸಾಲೆಯದು ಐದು ಮೂಲೆಯ ನಕ್ಷತ್ರ. ಅದಕ್ಕೂ ಹಿಂದೆ ಸೀಳಿದ ವಜ್ರ, ಒಳಗೆ ಚುಕ್ಕೆಯಿಟ್ಟ ವಜ್ರ. (ಈ ಸೀಳಿದ ವಜ್ರವನ್ನು ಮುಂಬಯಿಯ ಅಚ್ಚು ಒಡೆದದ್ದು ಎಂದು ಓದಿ 'ದೋಷನಾಣ್ಯ' ಎಂದು ಮಾರುವವರಿದ್ದಾರೆ. ಅದಕ್ಕೇ ಬೇರೆ ಲೇಖನ ಬೇಕು.) ನಾಲ್ಕು ಟಂಕಸಾಲೆಗಳಲ್ಲಿ ಒಂದೂ ಚಲಾವಣೆಯ ನಾಣ್ಯದ ಮೇಲೆ ತನ್ನ ಊರಿನ ರೋಮನ್ ಮೊದಲಕ್ಷರ ಹಾಕುವ ಪದ್ಧತಿ ಇಟ್ಟುಕೊಂಡಿಲ್ಲ. ಸಂಗ್ರಾಹಕರಿಗೆಂದೇ ಹೊಳಪಿಟ್ಟು ಅಚ್ಚು ಹಾಕುವ ಪ್ರೂಫ್ ನಾಣ್ಯಗಳಲ್ಲಿ ಮುಂಬಯಿ ಬಿ ಎಂದು ಹಾಕುತ್ತಿತ್ತು, ನಗರದ ಹೆಸರು ಬದಲಾದ ಮೇಲೆ ಎಂ ಎಂದು. 'ಬಿ ಬಾಂಬೆಯಾದರೆ ಎಚ್ ಹೈದರಾಬಾದ್ ಏಕಾಗಬಾರದು' ಎಂಬ ವಾದ ಇಲ್ಲಿಂದ ಹುಟ್ಟಿದ್ದು. ಆಗಬಾರದು, ಏಕೆಂದರೆ ನಮ್ಮ ಮುಂದಿರುವ ರೂಪಾಯಿ ಪ್ರೂಫ್ ಅಲ್ಲ. ಅದು ಬಸ್ ಕಂಡಕ್ಟರನ ಚೀಲದಲ್ಲಿ ಸವೆದದ್ದು. ಪೆಟ್ಟಿಗೆಯೊಳಗಿನ ನಾಣ್ಯದ ನಿಯಮವನ್ನು ಚೀಲದ ನಾಣ್ಯಕ್ಕೆ ಹಚ್ಚಿದರೆ ಯಾವ ಓದೂ ನಿಲ್ಲುವುದಿಲ್ಲ.

ಹಾಗಾದರೆ ಎಚ್ ಯಾರದು? ಬರ್ಮಿಂಗ್‌ಹ್ಯಾಮ್ ಮಿಂಟಿನದು. ಎಂಬತ್ತರ ದಶಕದಲ್ಲಿ ದೇಶದಲ್ಲಿ ಚಿಲ್ಲರೆಯ ಬರ ಬಿದ್ದಿತ್ತು. ಆಗಿದ್ದ ಮೂರು ಟಂಕಸಾಲೆಗಳ ಕೈಗೆ ಕೆಲಸ ಎಟುಕದಾದಾಗ ಸರ್ಕಾರ ಹೊರದೇಶಗಳಲ್ಲಿ ನಾಣ್ಯ ಅಚ್ಚು ಹಾಕಿಸಿ ತರಿಸಿತು. 1985ರ ಒಂದು ರೂಪಾಯಿ ಬ್ರಿಟನ್ನಿನ ಎರಡು ಕಡೆ ಅಚ್ಚಾಯಿತು, ವೇಲ್ಸಿನ ಲಾಂಟ್ರಿಸೆಂಟಿನಲ್ಲಿರುವ ರಾಯಲ್ ಮಿಂಟಿನಲ್ಲಿ ಮತ್ತು ಬರ್ಮಿಂಗ್‌ಹ್ಯಾಮಿನಲ್ಲಿ. ಎರಡನೆಯದರ ಹಳೆಯ ಒಡೆಯ ರಾಲ್ಫ್ ಹೀಟನ್. ಎಚ್ ಅವನ ಮನೆತನದ ಅಕ್ಷರ.

ಇದಕ್ಕೆ ಎದ್ದ ಆಕ್ಷೇಪಗಳಲ್ಲಿ ಗಟ್ಟಿಯಾದದ್ದು ಒಂದೇ, ಅದನ್ನು ಎತ್ತಿದವರೂ ನಮ್ಮ ಹಿರಿಯರೇ. 'ಹೀಟನ್ ಮನೆತನದ ಹೆಸರು ಕಂಪನಿಯಿಂದ 1889ರಲ್ಲೇ ಬಿದ್ದುಹೋಯಿತು. ಸುಮಾರು ನೂರು ವರ್ಷದ ಮೇಲೆ ಆ ಅಕ್ಷರ ನಮ್ಮ ರೂಪಾಯಿಗೆ ಹೇಗೆ ಬಂತು?' ಪ್ರಶ್ನೆ ಸರಿಯಾಗಿದೆ. ಉತ್ತರ ಬ್ರಿಟನ್ನಿನದೇ ಪೆನ್ನಿಗಳಲ್ಲಿದೆ. 1874, 1881ರ ಪೆನ್ನಿಗಳಲ್ಲಿ ಎಚ್ ಇದೆ, ಆಗ ಹೀಟನ್ ಹೆಸರು ಫಲಕದ ಮೇಲಿತ್ತು. 1912ರ ಮತ್ತು 1919ರ ಪೆನ್ನಿಗಳಲ್ಲೂ ಎಚ್ ಇದೆ, ಆಗ ಆ ಹೆಸರು ಹೋಗಿ ಇಪ್ಪತ್ತು ಮೂವತ್ತು ವರ್ಷ ಕಳೆದಿತ್ತು. ಕೆನಡಾದ 1890ರ ಮತ್ತು 1907ರ ಸೆಂಟುಗಳದೂ ಇದೇ ಕಥೆ. ಅಂದರೆ ಎಚ್ ಎಂಬುದು ಒಡೆಯನ ಹೆಸರಿನ ಹಂಗು ಕಳಚಿಕೊಂಡು ಕಾರ್ಖಾನೆಯ ಗುರುತಾಗಿ ನಿಂತಿತ್ತು. ಅಂಗಡಿ ಮಗನ ಕಾಲಕ್ಕೆ ಬಂದರೂ ಬೋರ್ಡಿನಲ್ಲಿ ಅಪ್ಪನ ಹೆಸರೇ ಉಳಿಯುವುದು ನಮ್ಮ ಪೇಟೆಗಳಲ್ಲೂ ಕಾಣುವಂಥದ್ದೇ. ಜಾಗತಿಕ ನಾಣ್ಯಸೂಚಿಗಳು ಈ ರೂಪಾಯಿಯನ್ನು ಬರ್ಮಿಂಗ್‌ಹ್ಯಾಮಿನದೆಂದೇ ನಮೂದಿಸಿವೆ. 'ಅವು ವಿದೇಶಿಯರ ಪಟ್ಟಿ' ಎಂದು ತಳ್ಳಿಹಾಕುವವರು ತಮ್ಮ ನಾಣ್ಯಗಳ ಬೆಲೆಯನ್ನು ಮಾತ್ರ ಅದೇ ಪಟ್ಟಿಗಳಲ್ಲಿ ಹುಡುಕುತ್ತಾರೆ.

ಈ ಸಂಬಂಧಕ್ಕೆ ಇನ್ನೂ ಹಳೆಯ ಬೇರಿದೆ. ಹೀಟನ್ ದೊಡ್ಡವನಾದದ್ದು 1850ರಲ್ಲಿ, ಬರ್ಮಿಂಗ್‌ಹ್ಯಾಮಿನ ಸೋಹೋ ಟಂಕಸಾಲೆಯ ಹಬೆಯ ಅಚ್ಚುಯಂತ್ರಗಳನ್ನು ಹರಾಜಿನಲ್ಲಿ ಕೊಂಡ ಮೇಲೆ. ಆ ಸೋಹೋ ಮ್ಯಾಥ್ಯೂ ಬೋಲ್ಟನ್ನನದು. ಮುಂಬಯಿ ಇಲಾಖೆಗೆಂದು 1791ರಲ್ಲಿ ಈಸ್ಟ್ ಇಂಡಿಯಾ ಕಂಪನಿ ತರಿಸಿದ, ಒಂದು ಬದಿಗೆ ತಕ್ಕಡಿಯೂ 'ಅದ್ಲ್' ಎಂಬ ಮಾತೂ ಇರುವ ತಾಮ್ರದ ನಾಣ್ಯಗಳು ಅಚ್ಚಾದದ್ದು ಅಲ್ಲೇ. ಮದ್ರಾಸ್ ಇಲಾಖೆಯ 1808ರ ಇಪ್ಪತ್ತು ಕಾಸು, ಹತ್ತು ಕಾಸುಗಳೂ ಅಲ್ಲಿಯವೇ. ಅವನ್ನು ಹೊತ್ತ ಅಡ್ಮಿರಲ್ ಗಾರ್ಡನರ್ ಎಂಬ ಹಡಗು 1809ರಲ್ಲಿ ಇಂಗ್ಲೆಂಡಿನ ಕರಾವಳಿಯಲ್ಲೇ ಮುಳುಗಿತು. ಮುಂಬಯಿ ಕೋಟೆಯ ಟಂಕಸಾಲೆಗೆ ಯಂತ್ರಗಳು ಬಂದದ್ದೂ ಸೋಹೋದಿಂದಲೇ. ಹೀಗೆ ನೋಡಿದರೆ 1985ರ ಎಚ್ ರೂಪಾಯಿ ಮತ್ತು ಅದೇ ವರ್ಷದ ಡೈಮಂಡ್ ರೂಪಾಯಿ ದೂರದ ದಾಯಾದಿಗಳು.

ಇದೇ ಜಾಡಿನ ಇನ್ನೊಂದು ತಪ್ಪನ್ನೂ ಇಲ್ಲೇ ಮುಗಿಸಿಬಿಡುತ್ತೇನೆ. ಎಂಬತ್ತರ ದಶಕದ ಕೆಲವು 25 ಮತ್ತು 50 ಪೈಸೆಗಳ ಮೇಲಿನ ಸಿ ಅಕ್ಷರವನ್ನು ಕಲ್ಕತ್ತಾ ಎಂದು ಓದುವವರಿದ್ದಾರೆ. ಅವರಿಗೆ ಎಚ್ ಪಕ್ಷದವರಿಗಿಂತ ಹೆಚ್ಚು ಆಧಾರವಿದೆ ಎಂದು ಒಪ್ಪಬೇಕು, ಏಕೆಂದರೆ ವಿಕ್ಟೋರಿಯಾ ರಾಣಿಯ ಕೆಲವು ರೂಪಾಯಿಗಳಲ್ಲಿ ಸಿ ನಿಜಕ್ಕೂ ಕಲ್ಕತ್ತಾವೇ. ಗಣರಾಜ್ಯದಲ್ಲಿ ಅದು ಕೆನಡಾದ ಒಟ್ಟಾವ. 1908ರಲ್ಲಿ ಬಾಗಿಲು ತೆರೆದಂದಿನಿಂದ ತನ್ನ ಸವರನ್ನುಗಳ ಮೇಲೆ ಸಿ ಹಾಕಿದ ಟಂಕಸಾಲೆ ಅದು. ತೊಂಬತ್ತರ ದಶಕದ ಕೊನೆಗೆ ಮತ್ತೆ ಹೊರಗಿನಿಂದ ತರಿಸಿದಾಗ ಕ್ರೆಮ್ನಿತ್ಸಾದ ಎಂಕೆ, ಮಾಸ್ಕೋದ ಎಂಎಂಡಿ ಬಂದವು. ನಮ್ಮ ಚಲಾವಣೆಯ ನಾಣ್ಯದಲ್ಲಿ ಇಸವಿಯ ಬಳಿ ರೋಮನ್ ಅಕ್ಷರ ಕಂಡರೆ ಹಡಗು ನೆನಪಾಗಬೇಕು.

ಈಗ ಮೂರು ನಾಣ್ಯಗಳು. ಮೊದಲೆರಡರಲ್ಲಿ ತಕರಾರಿಲ್ಲ. 26 ಮಿಲಿಮೀಟರ್ ಅಗಲ, ಆರು ಗ್ರಾಮಿಗೆ ಸವೆತದಷ್ಟೇ ಕಡಿಮೆ, ಅಯಸ್ಕಾಂತಕ್ಕೆ ಅಂಟುವುದಿಲ್ಲ. ಎಚ್ ಅಕ್ಷರದ ಕಂಬಗಳು ಇಸವಿಯ ಅಂಕಿಗಳಷ್ಟೇ ಎತ್ತರಕ್ಕೆ ಮೈಯಿಂದ ಎದ್ದಿವೆ, ಅವುಗಳಷ್ಟೇ ಸವೆದಿವೆ, ನೆತ್ತಿಗೆ ಅದೇ ಕಪ್ಪು ಹಿಡಿದಿದೆ.

ಮೂರನೆಯದು ತೂಕಕ್ಕೂ ಅಯಸ್ಕಾಂತಕ್ಕೂ ಸರಿಯಾಗಿಯೇ ನಿಂತಿತು. ನಾಣ್ಯ ಅಸಲಿ. ಅಕ್ಷರ ಮಾತ್ರ ಕಳ್ಳ. ನಾಣ್ಯದ ಮೇಲೆ ಉಬ್ಬು ಅಕ್ಷರವನ್ನು ಆಮೇಲೆ ಸೇರಿಸುವುದು ಸುಲಭವಲ್ಲ. ಉಳಿಯಿಟ್ಟು ಬಡಿದರೆ ಅಕ್ಷರ ತಗ್ಗಾಗುತ್ತದೆ, ಬೆಸುಗೆ ಹಾಕಿದರೆ ಬಣ್ಣ ಹೇಳಿಕೊಡುತ್ತದೆ. ಉಳಿಯುವ ದಾರಿ ಒಂದೇ, ಸುತ್ತಲಿನ ಮೈಯನ್ನು ಕೆರೆದು ತಗ್ಗು ಮಾಡಿ ನಡುವೆ ಅಕ್ಷರವನ್ನು ಉಳಿಸಿಕೊಳ್ಳುವುದು. ಇಲ್ಲಿ ಆಗಿರುವುದು ಅದೇ. ಹತ್ತು ಪಟ್ಟಿನ ಭೂತಗನ್ನಡಿ ಹಿಡಿದು ದೀಪವನ್ನು ಪಕ್ಕದಿಂದ ಬಿಟ್ಟರೆ ಇಸವಿಯ ಕೆಳಗೆ ಬಟ್ಟಲಿನಂಥ ಸಣ್ಣ ಹೊಂಡ ಕಾಣುತ್ತದೆ. ಕಣ್ಣು ತಪ್ಪಿದರೂ ಉಗುರು ಆಡಿಸಿದರೆ ತಾಕುತ್ತದೆ. ಎಚ್‌ನ ನೆತ್ತಿ ಅಂಕಿಗಳಿಗಿಂತ ತಗ್ಗಿನಲ್ಲಿದೆ. ಅಡ್ಡಗೆರೆ ಬಲಕ್ಕೆ ಇಳಿದಿದೆ. ಎಡ ಕಂಬದ ಬುಡದಲ್ಲಿ ಒಂದು ಮೊನೆ ಉಳಿದಿದೆ, ಅದು ವಜ್ರದ ಮೂಲೆ. ಮುಂಬಯಿಯ ರೂಪಾಯಿಯನ್ನು ಯಾರೋ ಹೈದರಾಬಾದಿನದು ಮಾಡಲು ಹೋಗಿ ಬರ್ಮಿಂಗ್‌ಹ್ಯಾಮಿನ ಅಕ್ಷರ ಕೆತ್ತಿದ್ದಾರೆ.

ಬಲ್ಲವರಿಗೆ ಎಚ್ ಹೆಚ್ಚು ಬೆಲೆಯ ನಾಣ್ಯವಲ್ಲ, ಅದಕ್ಕಾಗಿ ಯಾರೂ ಇಷ್ಟು ಕಷ್ಟಪಡುವುದಿಲ್ಲ. 'ಹೈದರಾಬಾದಿನದು, ಅಪೂರ್ವ' ಎಂಬ ಓದು ಇರುವುದರಿಂದಲೇ ಈ ಕೆತ್ತನೆಗೆ ಕೂಲಿ ಗಿಟ್ಟುತ್ತದೆ. ನಮ್ಮ ಹಿರಿಯರ ತಪ್ಪು ಪುಟದಿಂದ ಇಳಿದು ಲೋಹಕ್ಕೆ ಬಂದಿರುವುದು ಹೀಗೆ. ಇನ್ನು ಐವತ್ತು ವರ್ಷದ ಮೇಲೆ ಯಾರಾದರೂ ಈ ಮೂರನೆಯ ನಾಣ್ಯವನ್ನೇ ಎತ್ತಿ ಹಿಡಿದು, ವಜ್ರದ ಮೂಲೆಯನ್ನು ತೋರಿಸಿ, 'ಭಾರತದ ಟಂಕಸಾಲೆಯಲ್ಲೇ ಗುರುತು ಬದಲಿಸಿ ಎಚ್ ಹಾಕಿದ್ದಕ್ಕೆ ಇದೋ ಸಾಕ್ಷಿ' ಎಂದು ಬರೆದರೆ ನನಗೆ ಆಶ್ಚರ್ಯವಾಗದು. (ಒಂದು ವರ್ಗದ ನಾಣ್ಯವಾಗಿ ಚಲಾಯಿಸುವ ಉದ್ದೇಶದಿಂದ ಇನ್ನೊಂದರ ರೂಪ ಬದಲಿಸುವುದು ಹಳೆಯ ದಂಡಸಂಹಿತೆಯಲ್ಲಿ ಅಪರಾಧವಾಗಿತ್ತು. ರೂಪಾಯಿಯನ್ನು ರೂಪಾಯಿಯಾಗಿಯೇ ಉಳಿಸಿ ಊರು ಮಾತ್ರ ಬದಲಿಸುವವನು ಆ ಕಲಮು ಬರೆದವರ ಮನಸ್ಸಿನಲ್ಲಿ ಇದ್ದಿರಲಾರ. ಮಾರುವಾಗಿನ ವಂಚನೆ ಬೇರೆ ಮಾತು.) ಹಳೆಯ ನಾಣ್ಯ ಕೊಳ್ಳುವ, ಮಾರುವ ನೆಪದಲ್ಲಿ ತನ್ನ ಹೆಸರು ಹೇಳಿಕೊಂಡು ಶುಲ್ಕ ಕೇಳುವವರ ಬಗ್ಗೆ ರಿಸರ್ವ್ ಬ್ಯಾಂಕು 2021ರ ಆಗಸ್ಟ್ 4ರಂದು ಎಚ್ಚರಿಕೆ ಕೊಟ್ಟಿತು. ಹಳೆಯ ನಾಣ್ಯಕ್ಕೆ ಲಕ್ಷಗಟ್ಟಲೆ ಬೆಲೆ ಎಂಬ ಮಾತು ಆಮೇಲೂ ನಿಂತಿಲ್ಲ.

ಚಹಾದಂಗಡಿಯವನಿಗೆ ಭೂತಗನ್ನಡಿ ಕೊಟ್ಟು ಮೂರನ್ನೂ ತೋರಿಸಿದೆ. ಚಿನಿವಾರನ ಹಾಗೆ ಒಂದೊಂದನ್ನೇ ಕಲ್ಲಿನ ಮೇಲೆ ಬಡಿದು ನೋಡಿ, "ದನಿ ಮೂರರದೂ ಒಂದೇ ಅದರಿ" ಎಂದ. ಅದು ನಿಜ. ದನಿ ಲೋಹದ್ದು, ಲೋಹ ಮೂರರಲ್ಲೂ ಒಂದೇ. ತನಿಖೆಗೆ ಕಿವಿ ಸಾಲದು.

1985ರ ಎಚ್ ರೂಪಾಯಿ ಇರುವವರು ದಯವಿಟ್ಟು ಪಕ್ಕದ ಬೆಳಕಿನಲ್ಲಿ ಇಸವಿಯ ಕೆಳಭಾಗವನ್ನು ಒಮ್ಮೆ ನೋಡಿ. ಹೊಂಡವಿಲ್ಲದಿದ್ದರೆ ಅದು ಬರ್ಮಿಂಗ್‌ಹ್ಯಾಮಿನದು, ಇದ್ದರೆ ಮುಂಬಯಿಯದು. ಹೈದರಾಬಾದಿನದಂತೂ ಅಲ್ಲ.